ಬೇಳೆ ಬೇಯುವ ನೀರು, ಮೊಳಕೆ ಕಟ್ಟಿದ ರಾಗಿ: ಊರಿನ ಬಿಯರ್ ಮಾಡುವ ಬಗೆ

ಹೊಸ ಊರಿಗೆ ಮನೆ ಬದಲಿಸಿದಾಗ ನಮ್ಮಜ್ಜಿ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಇಲ್ಲಿ ನೀರಲ್ಲಿ ಬೇಳೆ ಬೇಯುತ್ತಾ?" ಬೆಂದರೆ ಒಳ್ಳೆ ನೀರು. ಬೇಯದಿದ್ದರೆ ಗಡಸು ನೀರು, ಅಡುಗೆಗೆ ಬೇರೆ ಕಡೆಯಿಂದ ಹೊರಬೇಕು. ಬೆಂಗಳೂರಿನ ಅಂಚಿನ ಒಂದು ಸಣ್ಣ ಬ್ರೂವರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಅದಕ್ಕಿಂತ ಒಳ್ಳೆಯ ಮೊದಲ ಪಾಠ ಯಾರೂ ಹೇಳಲಿಲ್ಲ.

ಬಿಯರ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಆದರೂ ಊರಿನ ಬಿಯರ್ ಮಾಡುತ್ತೇವೆ ಎಂದು ಹೊರಟವರು ಮೊದಲು ಯೋಚಿಸುವುದು ಮಾವು, ಹಲಸು, ಕೊಡಗಿನ ಕಾಫಿ. ನೀರು ಹೇಗೂ ನಲ್ಲಿಯಲ್ಲಿ ಬರುತ್ತಲ್ಲ, ಬಿಡಿ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೊದಲ ರಾಗಿ ಬಿಯರ್‌ಗೆ ಅವತ್ತು ಬಂದ ಟ್ಯಾಂಕರ್ ನೀರನ್ನೇ ಬಳಸಿದೆ. ಎರಡು ವಾರ ಕಾದು ಕುಡಿದು ನೋಡಿದರೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ಇಪ್ಪತ್ತು ಲೀಟರ್ ಮೋರಿಗೆ ಹೋಯಿತು.

ಈ ಲೇಖನದಲ್ಲಿ 20 ಲೀಟರ್‌ನ ಒಂದು ಪ್ರಯೋಗದ ಬ್ಯಾಚ್ ಅನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಬಾರ್ಲಿ, ರಾಗಿ, ಬೆಲ್ಲ. ಸುಮಾರು ಶೇ. 5 ಆಲ್ಕೋಹಾಲ್ ಇರುವ ಸಾದಾ ಏಲ್, ಅಂದರೆ ತೀರಾ ತಣ್ಣಗಿಡದೆ ಹುದುಗಿಸುವ ಬಗೆಯ ಬಿಯರ್.

ಮೊದಲು ಕಾನೂನಿನ ಮಾತು. ಕರ್ನಾಟಕದಲ್ಲಿ ಸನ್ನದು ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಅದು ಅಪರಾಧ. ಹಾಗಾಗಿ ಇಲ್ಲಿರುವವರಿಗೆ ಇದು ಸನ್ನದು ಇರುವ ಮೈಕ್ರೋಬ್ರೂವರಿಯಲ್ಲಿ, ದೊಡ್ಡ ಟ್ಯಾಂಕ್ ತುಂಬಿಸುವ ಮುಂಚೆ ಮಾಡಿ ನೋಡುವ ಬ್ಯಾಚ್. ಹೊರದೇಶದಲ್ಲಿರುವ ಕನ್ನಡಿಗರ ಕಥೆ ಬೇರೆ. ಅಮೆರಿಕದಲ್ಲಿ 1978ರ ಕಾನೂನಿನಿಂದಾಗಿ ಮನೆಬಳಕೆಗೆ ಒಬ್ಬ ವಯಸ್ಕರು ವರ್ಷಕ್ಕೆ 100 ಗ್ಯಾಲನ್‌ವರೆಗೆ, ಅಂದರೆ ಸುಮಾರು 378 ಲೀಟರ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಅಷ್ಟೇ. ನಿಮ್ಮ ರಾಜ್ಯದ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ.

ಹಂತ 1: ನಿಮ್ಮ ನೀರು ಯಾವುದು?

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ನೀರು ಸಿಗುತ್ತದೆ: ಕಾವೇರಿ, ಬೋರ್‌ವೆಲ್, ಟ್ಯಾಂಕರ್. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪೈಪ್‌ನಲ್ಲಿ ಬರುತ್ತದೆ, ಜೊತೆಗೆ ಸುಮಾರು 500 ಮೀಟರ್ ಎತ್ತರ ಏರುತ್ತದೆ. ಬೋರ್ ನೀರಿಗೆ ಹೋಲಿಸಿದರೆ ಮೆದು, ಬೇಳೆ ಬೇಯುವ ನೀರು. ಅದರಲ್ಲಿ ನಿಮ್ಮ ತಲೆನೋವು ಕ್ಲೋರಿನ್ ಒಂದೇ. ಬೋರ್ ನೀರು ಎಷ್ಟು ಆಳಕ್ಕೆ ಹೋಗಿದ್ದೀರಿ, ಯಾವ ಕಡೆ ಇದ್ದೀರಿ ಎನ್ನುವುದರ ಮೇಲೆ ನಿಂತಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯಾದರೆ ಫ್ಲೋರೈಡ್ ಕೂಡ ನೋಡಬೇಕು. ಟ್ಯಾಂಕರ್ ನೀರನ್ನು ಮಾತ್ರ ನಂಬಬೇಡಿ. ಇವತ್ತು ಒಂದು ಬೋರ್, ನಾಳೆ ಇನ್ನೊಂದು ಬೋರ್. ಒಂದೇ ರೆಸಿಪಿ ಎರಡು ಸಲ ಎರಡು ರುಚಿ ಕೊಡುತ್ತದೆ.

ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೀಟರ್ ಇಟ್ಟುಕೊಂಡು "ನಮ್ಮದು 350, ಪರವಾಗಿಲ್ಲ" ಅನ್ನುವವರು ತುಂಬಾ ಜನ. ಆ 350ರಲ್ಲಿ ಏನೇನಿದೆ ಅಂತ ಮೀಟರ್ ಹೇಳುವುದಿಲ್ಲ. ಲ್ಯಾಬ್‌ಗೆ ಒಂದು ಬಾಟಲಿ ಕಳಿಸಿ. ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ), ಆಲ್ಕಲಿನಿಟಿ (ಹುಳಿಯನ್ನು ತಡೆಯುವ ನೀರಿನ ಶಕ್ತಿ), ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಕ್ಲೋರೈಡ್, ಸಲ್ಫೇಟ್, ಕಬ್ಬಿಣ, ನೈಟ್ರೇಟ್, ಫ್ಲೋರೈಡ್ ಎಲ್ಲವನ್ನೂ ಬೇರೆಬೇರೆಯಾಗಿ ಬರೆದುಕೊಡಿ ಅಂತ ಕೇಳಿ. ಬೋರ್ ನೀರಾದರೆ ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ.

ವರದಿ ಬಂದಾಗ ಮೊದಲು ಕಣ್ಣು ಹೋಗಬೇಕಾದದ್ದು ಆಲ್ಕಲಿನಿಟಿಯ ಸಾಲಿಗೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಇದು ಲೀಟರ್‌ಗೆ 200 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರಿಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಕುಡಿಯಲು ನಡೆಯುವ ನೀರು ತಿಳಿಬಣ್ಣದ ಬಿಯರ್‌ಗೆ ನಡೆಯುವುದಿಲ್ಲ. ಬಿಸಿ ನೀರಿನಲ್ಲಿ ಧಾನ್ಯ ನೆನೆಸುವ ಹಂತಕ್ಕೆ ಮ್ಯಾಶ್ ಅಂತೀವಿ. ಅದರ ಪಿಎಚ್ 5.2ರಿಂದ 5.6ರ ಒಳಗೆ ಇರಬೇಕು. ಆಲ್ಕಲಿನಿಟಿ ಜಾಸ್ತಿಯಾದರೆ ಪಿಎಚ್ ಕೆಳಗೆ ಇಳಿಯಲು ಒಪ್ಪುವುದೇ ಇಲ್ಲ. ಆಗ ಧಾನ್ಯದ ಸಿಪ್ಪೆಯಿಂದ ಒಗರು ಬಿಡುತ್ತದೆ. ಕೆಂಪು ರಾಗಿಯ ಸಿಪ್ಪೆಯಲ್ಲಿ ಆ ಒಗರು ಮೊದಲೇ ಜಾಸ್ತಿ. ನನ್ನ ಮೊದಲ ಬ್ಯಾಚ್ ಕೆಟ್ಟದ್ದು ಇಲ್ಲೇ. ತಪ್ಪು ರಾಗಿಯದ್ದಲ್ಲ, ನೀರಿನದ್ದು.

ಯುರೋಪಿನ ಹಳೆಯ ಬಿಯರ್ ಊರುಗಳೂ ತಮ್ಮ ನೀರಿಗೆ ಒಗ್ಗಿಕೊಂಡೇ ಹೆಸರು ಮಾಡಿದವು. ಚೆಕ್ ನಾಡಿನ ಪಿಲ್ಸನ್‌ನ ನೀರು ತುಂಬಾ ಮೆದು, ಅಲ್ಲಿ 1842ರಲ್ಲಿ ಚಿನ್ನದ ಬಣ್ಣದ ಲಾಗರ್ ಬಿಯರ್ ಹುಟ್ಟಿತು. ಡಬ್ಲಿನ್‌ನ ನೀರಿನಲ್ಲಿ ಆಲ್ಕಲಿನಿಟಿ ಜಾಸ್ತಿ. ಕಪ್ಪಗೆ ಹುರಿದ ಬಾರ್ಲಿಯ ಹುಳಿ ಅದಕ್ಕೆ ಸರಿಹೊಂದಿತು, ಕಪ್ಪು ಸ್ಟೌಟ್ ಬಿಯರ್ ಅಲ್ಲಿ ನಿಂತಿತು. ಇಂಗ್ಲೆಂಡಿನ ಬರ್ಟನ್‌ನ ನೀರಿನಲ್ಲಿ ಜಿಪ್ಸಂ ತುಂಬಿತ್ತು, ಅದಕ್ಕೇ ಅಲ್ಲಿಯ ಏಲ್‌ಗಳ ಕಹಿ ಅಷ್ಟು ಚುರುಕು. ನಿಮ್ಮದು ಗಡಸು ಬೋರ್ ನೀರಾಗಿದ್ದು ಅದನ್ನು ತಿದ್ದುವ ಸೌಕರ್ಯ ಇಲ್ಲದಿದ್ದರೆ, ಹಟ ಮಾಡದೆ ಕಪ್ಪು ಬಿಯರ್ ಮಾಡಿ. ಹುರಿದ ರಾಗಿ ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಹಂತ 2: ನೀರು ತಿದ್ದುವುದು

ಈ ಬ್ಯಾಚ್‌ಗೆ ಸುಮಾರು 28 ಲೀಟರ್ ನೀರು ಬೇಕು. ಧಾನ್ಯ ಒಂದಿಷ್ಟು ಹೀರುತ್ತದೆ, ಕುದಿಯುವಾಗ ಒಂದಿಷ್ಟು ಹೋಗುತ್ತದೆ.

ಕಾವೇರಿ ನೀರಾದರೆ ಕಾರ್ಬನ್ ಫಿಲ್ಟರ್‌ನಲ್ಲಿ ನಿಧಾನವಾಗಿ ಹಾಯಿಸಿ. ಕ್ಲೋರಿನ್ ಉಳಿದರೆ ಬಿಯರ್‌ಗೆ ಆಸ್ಪತ್ರೆ ವಾಸನೆ ಬರುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಬೋರ್ ನೀರಾದರೆ ಆರ್‌ಒ ನೀರಿನ ಜೊತೆ ಬೆರೆಸಿ. ಲೆಕ್ಕ ಸುಲಭ. ಆಲ್ಕಲಿನಿಟಿ 300 ಇದೆ, ನಿಮಗೆ 50 ಸಾಕು ಅಂದುಕೊಳ್ಳಿ. ಒಂದು ಪಾಲು ಬೋರ್, ಐದು ಪಾಲು ಆರ್‌ಒ. ಪೂರ್ತಿ ಆರ್‌ಒ ನೀರಿನಲ್ಲೇ ಮಾಡುವವರೂ ಇದ್ದಾರೆ. ಅದು ತಪ್ಪಲ್ಲ, ಆದರೆ 'ನಮ್ಮೂರ ನೀರು' ಅಂತ ಬೋರ್ಡ್ ಹಾಕಿಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ.

ಆರ್‌ಒ ಜಾಸ್ತಿ ಸೇರಿದ ನೀರಿಗೆ ಕ್ಯಾಲ್ಸಿಯಂ ವಾಪಸ್ ಹಾಕಬೇಕು. ಲೀಟರ್‌ಗೆ 50 ಮಿಲಿಗ್ರಾಂ ಆದರೂ ಇರಲಿ. 20 ಲೀಟರ್ ನೀರಿಗೆ 2 ಗ್ರಾಂ ಜಿಪ್ಸಂ, 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಅಲ್ಲಿಗೆ ಬರುತ್ತದೆ. 28 ಲೀಟರ್‌ಗೆ ತಲಾ 2.8 ಗ್ರಾಂ. ಎರಡೂ ಆಹಾರದ ದರ್ಜೆಯದ್ದೇ ಆಗಿರಲಿ, ಗೋಡೆಗೆ ಬಳಿಯುವ ಜಿಪ್ಸಂ ಅಲ್ಲ. ಜಿಪ್ಸಂನಲ್ಲಿರುವ ಸಲ್ಫೇಟ್ ಕಹಿಯನ್ನು ಎತ್ತಿ ತೋರಿಸುತ್ತದೆ, ಕ್ಲೋರೈಡ್ ಬಾಯಿಗೆ ತುಂಬಿದ ಹಾಗೆ ಮಾಡುತ್ತದೆ. ರಾಗಿ, ಬೆಲ್ಲ ಇರುವಾಗ ನಾನು ಕ್ಲೋರೈಡ್ ಕಡೆಗೇ ಸ್ವಲ್ಪ ವಾಲುತ್ತೇನೆ.

ಲಂಡನ್‌ನಲ್ಲಿರುವವರ ನೀರು ಗಡಸು, ಸಿಯಾಟಲ್‌ನವರದ್ದು ಮೆದು. ಊರಿನ ನೀರು ಸರಬರಾಜಿನವರು ವರದಿ ಪ್ರಕಟಿಸಿರುತ್ತಾರೆ, ಅದನ್ನು ಓದಿಕೊಂಡು ಇದೇ ಲೆಕ್ಕ ಹಾಕಿ.

ಹಂತ 3: ರಾಗಿಗೆ ಮೊಳಕೆ ಕಟ್ಟುವುದು

ಈ ಕೆಲಸ ನಮಗೆ ಯಾರೂ ಕಲಿಸಬೇಕಿಲ್ಲ, ಅಲ್ವಾ? ಮಗು ಹುಟ್ಟಿದ ಮನೆಯಲ್ಲೆಲ್ಲ ರಾಗಿ ಸರಿ ಮಾಡುತ್ತಾರೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಒಣಗಿಸಿ, ಹುರಿದು ಬೀಸುತ್ತಾರೆ. ಬಿಯರ್‌ಗೂ ಹಾಗೇ, ಒಂದು ವ್ಯತ್ಯಾಸ ಬಿಟ್ಟು: ಹುರಿಯುವ ಹಾಗಿಲ್ಲ. ಹುರಿದರೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಸತ್ತೇಹೋಗುತ್ತವೆ. ಅಂಗಡಿಯಲ್ಲಿ ಸಿಗುವ ರಾಗಿ ಮಾಲ್ಟ್ ಪುಡಿ ಬೇಡ ಅನ್ನುವುದೂ ಇದಕ್ಕೇ. ಅದು ಹುರಿದದ್ದು, ಎಷ್ಟೋ ಸಲ ಸಕ್ಕರೆ, ಏಲಕ್ಕಿ ಬೆರೆಸಿದ್ದು.

1.25 ಕಿಲೋ ರಾಗಿ ತೊಗೊಳ್ಳಿ. ಒಣಗಿ, ಉಜ್ಜಿ ಮುಗಿಯುವಾಗ ಒಂದು ಕಿಲೋ ಚಿಲ್ಲರೆ ಉಳಿಯುತ್ತದೆ. ಯಾವ ತಳಿ ಎಂದು ರೈತರನ್ನು ಕೇಳಿ, ಒಂದೇ ತಳಿಯದ್ದು, ಆ ವರ್ಷದ್ದು ತೊಗೊಳ್ಳಿ. ಜಿಪಿಯು 28, ಎಂಆರ್ 6, ಇಂಡಾಫ್ ಹೆಸರುಗಳು ಕಿವಿಗೆ ಬೀಳುತ್ತವೆ. ಇಂಡಾಫ್ ಅಂದರೆ ಇಂಡಿಯಾ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ಬೆಳೆಸಿದ ತಳಿ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಉಗಾಂಡದಲ್ಲಿ ಇವತ್ತಿಗೂ ಮಲ್ವಾ ಎಂಬ ರಾಗಿ ಬಿಯರನ್ನು ಮಡಕೆಯ ಸುತ್ತ ಕೂತು ಉದ್ದನೆಯ ಕೊಳವೆಯಲ್ಲಿ ಹೀರುತ್ತಾರೆ. ಸಿಕ್ಕಿಂನಲ್ಲಿ ಅದೇ ರಾಗಿಗೆ ಕೋದೋ ಅಂತಾರೆ, ಅದರಿಂದ ತೊಂಗ್ಬಾ ಎಂಬ ಬಿಯರ್ ಮಾಡುತ್ತಾರೆ. ರಾಗಿಯಲ್ಲಿ ಬಿಯರ್ ಆಗುತ್ತಾ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ.

ಕಲ್ಲು, ಧೂಳು ತೆಗೆದು ಚೆನ್ನಾಗಿ ತೊಳೆಯಿರಿ. 12 ಗಂಟೆ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಹರಡಿ ಮುಚ್ಚಿ. ಗಟ್ಟಿಯಾಗಿ ಗಂಟು ಕಟ್ಟಬೇಡಿ, ಒಳಗೆ ಬಿಸಿಯಾಗುತ್ತದೆ. ದಿನಕ್ಕೆ ಮೂರು ಸಲ ಕೈಯಾಡಿಸಿ, ನೀರು ಚಿಮುಕಿಸಿ. ಸರಿಗಾದರೆ ಒಂದು ರಾತ್ರಿ ಸಾಕು. ಇದಕ್ಕೆ ಎರಡು ದಿನ ಬಿಡಿ, ಮೊಳಕೆ ಕಾಳಿಗಿಂತ ಸ್ವಲ್ಪ ಉದ್ದ ಬರಲಿ. ಮುಗ್ಗುಲು ವಾಸನೆ ಬಂದರೆ, ಬೂಷ್ಟು ಕಂಡರೆ ಅಷ್ಟನ್ನೂ ಎಸೆಯಿರಿ. ತೊಳೆದು ಬಳಸೋಣ ಅನ್ನುವ ಆಸೆ ಬೇಡ. ಮಳೆಗಾಲದಲ್ಲಿ ಇದು ಖಂಡಿತ ಒಮ್ಮೆಯಾದರೂ ಆಗುತ್ತದೆ.

ಆಮೇಲೆ ಚಾಪೆಯ ಮೇಲೆ ತೆಳ್ಳಗೆ ಹರಡಿ, ನೆರಳಲ್ಲಿ ಫ್ಯಾನ್ ಕೆಳಗೆ ಒಂದು ದಿನ, ಎಳೆಬಿಸಿಲಲ್ಲಿ ಒಂದು ದಿನ. ಕಾಳಿನ ಬಿಸಿ 50 ಡಿಗ್ರಿ ದಾಟಬಾರದು. ಗರಿಗರಿಯಾದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ. ಒಣ ಬೇರೆಲ್ಲ ಹಾರಿಹೋಗುತ್ತದೆ. ಇದರಲ್ಲಿ 150 ಗ್ರಾಂ ಮಾತ್ರ ಬೇರೆ ತೆಗೆದು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಅದು ಪರಿಮಳಕ್ಕೆ.

ಬ್ರೂವರಿಯ ರೋಲರ್ ಮಿಲ್ ಬಾರ್ಲಿಗಂತ ಇರುವುದು. ರಾಗಿ ಅದರ ಸಂದಿಯಲ್ಲಿ ಹಾಗೇ ನುಸುಳಿ ಇಡಿಯಾಗಿ ಕೆಳಗೆ ಬೀಳುತ್ತದೆ. ಹಿಟ್ಟಿನ ಗಿರಣಿಗೆ ಕೊಟ್ಟು ಸಣ್ಣ ರವೆ ಮಾಡಿಸಿ. ನುಣ್ಣಗೆ ಹಿಟ್ಟು ಮಾಡಿಸಿದಿರೋ, ಮುಂದೆ ಅಳುತ್ತೀರಿ.

ಹಂತ 4: ಮ್ಯಾಶ್

ಸಾಮಾನು ಇಷ್ಟು: ಬಾರ್ಲಿ ಪೇಲ್ ಮಾಲ್ಟ್ (ಮೊಳಕೆ ಬರಿಸಿ ತಿಳಿಬಣ್ಣದಲ್ಲೇ ಒಣಗಿಸಿದ ಬಾರ್ಲಿ) 3.2 ಕಿಲೋ, ರಾಗಿ ರವೆ 1 ಕಿಲೋ (ಹುರಿದದ್ದೂ ಸೇರಿ), ಭತ್ತದ ಉಮಿ ಎರಡು ದೊಡ್ಡ ಹಿಡಿ, ಬೆಲ್ಲ 300 ಗ್ರಾಂ, ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) 40 ಗ್ರಾಂ, ಏಲ್ ಯೀಸ್ಟ್ ಒಂದು ಪೊಟ್ಟಣ. ಬಾರ್ಲಿ ರಾಜಸ್ಥಾನ, ಹರಿಯಾಣದ ಕಡೆಯದ್ದು. ಹಾಪ್ಸ್ ಅಂತೂ ನಮ್ಮ ಹವೆಗೆ ಬರುವುದಿಲ್ಲ, ಅದಕ್ಕೆ ಚಳಿಯೂ ಬೇಕು, ಬೇಸಿಗೆಯ ಉದ್ದನೆಯ ಹಗಲೂ ಬೇಕು. ಹಿಮಾಚಲದ ಲಾಹೌಲ್‌ನಲ್ಲಿ ಸ್ವಲ್ಪ ಬೆಳೆಯುತ್ತಾರೆ, ಉಳಿದದ್ದು ಹೆಚ್ಚಾಗಿ ಜರ್ಮನಿ, ಅಮೆರಿಕದಿಂದ ಬರುತ್ತದೆ. ಎಲ್ಲವೂ ಊರಿನದ್ದೇ ಅಂತ ಯಾರಾದರೂ ಹೇಳಿದರೆ ಹಾಪ್ಸ್ ಎಲ್ಲಿಂದ ಬಂತು ಕೇಳಿ.

ರಾಗಿಯ ಪಿಷ್ಟ ಬೇಯಲು ಬಾರ್ಲಿಗಿಂತ ಜಾಸ್ತಿ ಶಾಖ ಬೇಕು. ಅದಕ್ಕೇ ರಾಗಿಯನ್ನು ಬೇರೆ ಬೇಯಿಸಿಕೊಳ್ಳಬೇಕು. 4 ಲೀಟರ್ ನೀರಿಗೆ ರಾಗಿ ರವೆ, ಜೊತೆಗೆ ಬಾರ್ಲಿ ಮಾಲ್ಟ್‌ನಿಂದ ಒಂದು ಹಿಡಿ ಹಾಕಿ. 70 ಡಿಗ್ರಿಯಲ್ಲಿ 10 ನಿಮಿಷ ಹಿಡಿದಿಡಿ. ಗಂಜಿ ತೆಳ್ಳಗಾಗುವುದು ಕಣ್ಣಿಗೇ ಕಾಣುತ್ತದೆ, ಅದು ಕಿಣ್ವದ ಕೆಲಸ. ಆಮೇಲೆ 15 ನಿಮಿಷ ಕುದಿಸಿ. ಕೈ ಬಿಡದೆ ತಿರುವಿ. ಅಂಬಲಿಯ ಹದ ಇರಬೇಕು. ಗಟ್ಟಿಯಾಗುತ್ತಾ ಬಂದರೆ ಬಿಸಿನೀರು ಸೇರಿಸಿ, ಮುದ್ದೆ ಮಾಡಲು ಕೂತಿಲ್ಲ ನಾವು.

ಅತ್ತ ರಾಗಿ ಕುದಿಯುವಾಗ ಇತ್ತ ಬಾರ್ಲಿಯನ್ನು 9 ಲೀಟರ್ ನೀರಿನಲ್ಲಿ ಕಲಸಿ 53 ಡಿಗ್ರಿಗೆ ತನ್ನಿ. ಉಮಿಯನ್ನು ತೊಳೆದು ಇದಕ್ಕೆ ಸೇರಿಸಿ. ಬಾರ್ಲಿಗೆ ಸಿಪ್ಪೆ ಇರುತ್ತದೆ, ಅದೇ ಜರಡಿಯಾಗುತ್ತದೆ. ರಾಗಿಗೆ ಅಂಥ ಸಿಪ್ಪೆ ಇಲ್ಲ. ಉಮಿ ಇಲ್ಲದಿದ್ದರೆ ತಳದಲ್ಲಿ ಸಿಮೆಂಟ್ ಹಾಕಿದ ಹಾಗೆ ಕಟ್ಟಿಕೊಳ್ಳುತ್ತದೆ. ಈಗ ಕುದಿಯುವ ರಾಗಿ ಗಂಜಿಯನ್ನು ಸೌಟು ಸೌಟಾಗಿ ಬಾರ್ಲಿಗೆ ಹುಯ್ಯಿರಿ. ಪೂರ್ತಿ ಸೇರುವಾಗ ಸುಮಾರು 66 ಡಿಗ್ರಿಗೆ ಬರುತ್ತದೆ. 66 ಮೊದಲೇ ಬಂದರೆ ನಿಲ್ಲಿಸಿ, ಉಳಿದ ಗಂಜಿ ಸ್ವಲ್ಪ ಆರಿದ ಮೇಲೆ ಹಾಕಿ. 70 ದಾಟಿದರೆ ಬಾರ್ಲಿಯ ಕಿಣ್ವವೂ ಸುಸ್ತಾಗುತ್ತದೆ.

ಹತ್ತು ನಿಮಿಷ ಬಿಟ್ಟು ಒಂದು ಚಮಚ ತೆಗೆದು ಆರಿಸಿ ಪಿಎಚ್ ನೋಡಿ. 5.4 ಇದ್ದರೆ ಹಬ್ಬ. 5.6 ದಾಟಿದ್ದರೆ ಲ್ಯಾಕ್ಟಿಕ್ ಆಸಿಡ್ ಅರ್ಧ ಅರ್ಧ ಮಿಲಿಯಾಗಿ ಸೇರಿಸಿ ಮತ್ತೆ ನೋಡಿ. ಒಂದು ಗಂಟೆ ಮುಚ್ಚಿಡಿ. ಕೊನೆಗೆ ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಹಾಕಿ ಟಿಂಚರ್ ಅಯೋಡಿನ್ ಬಿಡಿ. ನೀಲಿ ಕಪ್ಪಾದರೆ ಪಿಷ್ಟ ಇನ್ನೂ ಇದೆ, ಇನ್ನೂ 15 ನಿಮಿಷ ಕಾಯಿರಿ. ಬಣ್ಣ ಬದಲಾಗದಿದ್ದರೆ ಮುಂದೆ ಹೋಗಿ. ಆ ಹನಿಯನ್ನು ವಾಪಸ್ ಪಾತ್ರೆಗೆ ಹಾಕಬೇಡಿ.

ಮೇಲಿನಿಂದ ಉಳಿದ 15 ಲೀಟರ್ ನೀರನ್ನು 75 ಡಿಗ್ರಿಗೆ ಬಿಸಿ ಮಾಡಿ ನಿಧಾನವಾಗಿ ಹಾಯಿಸಿ ತೊಳೆಯಿರಿ. ಈ ನೀರಿಗೂ ಹಂತ 2ರ ಉಪಚಾರ ಆಗಿರಲೇಬೇಕು. ಮ್ಯಾಶ್‌ಗೆ ತಿದ್ದಿದ ನೀರು, ತೊಳೆಯಲು ಮಾಮೂಲಿ ಬೋರ್ ನೀರು ಬಳಸಿದರೆ ಒಗರು ಹಿಂದಿನ ಬಾಗಿಲಿನಿಂದ ಬರುತ್ತದೆ. ಕೆಳಗೆ ಇಳಿಯುವ ಸಿಹಿ ರಸಕ್ಕೆ ವರ್ಟ್ ಎಂದು ಹೆಸರು. ಹುರಿದ ರಾಗಿಗೆ ಹಾಲು ಬೆರೆಸಿದ ಹಾಗೆ ಘಮ ಇರುತ್ತದೆ, ಒಂದು ಗುಟುಕು ಕುಡಿದು ನೋಡಿ.

ಹಂತ 5: ಕುದಿ, ಬೆಲ್ಲ, ತಣಿಸುವುದು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಪ್ಸ್‌ನ ಕಹಿ ಒಂದು ಕೂದಲು ಕಡಿಮೆ ಬಿಡುತ್ತದೆ. ಒಂದು ಗಂಟೆ ಕುದಿಸಿ. ಶುರುವಿನಲ್ಲೇ 25 ಗ್ರಾಂ ಹಾಪ್ಸ್ (ಕಹಿ ಕೊಡುವ ಆಲ್ಫಾ ಆಸಿಡ್ ಶೇ. 8ರ ಆಸುಪಾಸು ಇರುವುದು), ಕೊನೆಯ 10 ನಿಮಿಷಕ್ಕೆ 15 ಗ್ರಾಂ.

ಬೆಲ್ಲವನ್ನು ಬಿಸಿ ವರ್ಟ್‌ನಲ್ಲೇ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಕೊನೆಯ 5 ನಿಮಿಷಕ್ಕೆ ಹಾಕಿ. ಸೋಸಿದರೆ ಬಟ್ಟೆಯಲ್ಲಿ ಏನೇನು ಉಳಿಯುತ್ತದೆ ಅಂತ ನಿಮಗೇ ಗೊತ್ತು. ತಿಳಿ ಹಳದಿ ಬೆಲ್ಲ ನೋಡಲು ಚೆಂದ, ಆದರೆ ಎಷ್ಟೋ ಕಡೆ ಬಣ್ಣ ತೆಗೆಯಲು ರಾಸಾಯನಿಕ ಹಾಕಿರುತ್ತಾರೆ. ಗಾಢ ಬಣ್ಣದ್ದೇ ತೊಗೊಳ್ಳಿ. ಮಲೆನಾಡಿನ ಜೋನಿ ಬೆಲ್ಲ ಸಿಕ್ಕರೆ ಇನ್ನೂ ಒಳ್ಳೆಯದು. ಬೆಲ್ಲ ಹಾಕಿದರೆ ಬಿಯರ್ ಸಿಹಿಯಾಗುತ್ತದೆ ಅನ್ನುವುದು ತಪ್ಪು ಕಲ್ಪನೆ. ಅದರ ಸಕ್ಕರೆಯನ್ನು ಯೀಸ್ಟ್ ಬಹುಪಾಲು ತಿಂದು ಮುಗಿಸುತ್ತದೆ. ಉಳಿಯುವುದು ಪರಿಮಳ, ಜೊತೆಗೆ ನಾಲಿಗೆಯ ಮೇಲೆ ಹಗುರ. ಜಾಸ್ತಿ ಹಾಕಿದರೆ ಬಿಯರ್ ತೆಳ್ಳಗೆ ನೀರಾಗುತ್ತದೆ.

ಈಗ ಬೇಗ ತಣಿಸಬೇಕು. ನಲ್ಲಿ ನೀರು ಹಾಯಿಸಿ 30 ಡಿಗ್ರಿಗೆ ತಂದು, ಆಮೇಲೆ ಐಸ್ ನೀರಿನಿಂದ 18ರಿಂದ 20ಕ್ಕೆ ಇಳಿಸಿ. ಇಲ್ಲಿಂದ ಮುಂದೆ ಬಿಯರ್‌ಗೆ ತಾಗುವ ಪ್ರತಿಯೊಂದೂ ಸ್ಯಾನಿಟೈಸರ್‌ನಲ್ಲಿ ಅದ್ದಿರಬೇಕು: ಪೈಪ್, ಮುಚ್ಚಳ, ಕೈ. ಪಕ್ಕದಲ್ಲಿ ದೋಸೆ ಹಿಟ್ಟು ಹುದುಗುತ್ತಿದ್ದರೆ ಅದನ್ನು ಬೇರೆ ಕೋಣೆಗೆ ಕಳಿಸಿ. ಹಿಟ್ಟನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೆ ನಿಮ್ಮ ವರ್ಟ್ ಅಂದರೂ ಪ್ರೀತಿಯೇ.

ರಸದ ಸಾಂದ್ರತೆ ತೋರಿಸುವ ಹೈಡ್ರೋಮೀಟರ್‌ನಲ್ಲಿ ಅಳೆದರೆ 1.048ರ ಆಸುಪಾಸು ತೋರಿಸಬೇಕು. ಬರೆದಿಟ್ಟುಕೊಳ್ಳಿ.

ಹಂತ 6: ಹುದುಗು

20 ಲೀಟರ್‌ಗೆ 11 ಗ್ರಾಂ ಒಣ ಯೀಸ್ಟ್ ಸಾಕು. 18ರಿಂದ 20 ಡಿಗ್ರಿಯಲ್ಲಿ ಇಡಿ. ಏಪ್ರಿಲ್‌ನಲ್ಲಿ ಹೊರಗೆ ಬಿಟ್ಟರೆ ಮೂರೇ ದಿನಕ್ಕೆ ಮುಗಿಯುತ್ತದೆ, ಜೊತೆಗೆ ಬಾಳೆಹಣ್ಣು, ಥಿನ್ನರ್ ವಾಸನೆಯೂ ಬರುತ್ತದೆ. ತಣ್ಣಗಿಡಲು ದಾರಿಯೇ ಇಲ್ಲದಿದ್ದರೆ ನಾರ್ವೆಯ ಕ್ವೈಕ್ ಯೀಸ್ಟ್ ಹುಡುಕಿ. ಅದಕ್ಕೆ 30 ದಾಟಿದರೂ ಚಿಂತೆಯಿಲ್ಲ.

ಏಳರಿಂದ ಹತ್ತು ದಿನ. ಎರಡು ದಿನ ಬಿಟ್ಟು ಎರಡು ಸಲ ಅಳೆದಾಗ ಒಂದೇ ಸಂಖ್ಯೆ, ಸುಮಾರು 1.010 ಬಂದರೆ ಮುಗಿಯಿತು. ಗುಳ್ಳೆ ನಿಂತಿತು ಅಂತ ಬಾಟಲಿಗೆ ತುಂಬಬೇಡಿ. ಸಕ್ಕರೆ ಉಳಿದಿದ್ದರೆ ಬಾಟಲಿ ಸಿಡಿಯುತ್ತದೆ. ಬ್ರೂವರಿಯಲ್ಲಾದರೆ ತಣ್ಣಗೆ ಮಾಡಿ ಕೆಗ್‌ಗೆ, ಅಂದರೆ ಲೋಹದ ಪೀಪಾಯಿಗೆ ಹೋಗುತ್ತದೆ. ಮನೆಯಲ್ಲಿ ಬಾಟಲಿಗೆ ಹಾಕುವವರು ಪೂರ್ತಿ ಬ್ಯಾಚ್‌ಗೆ 120 ಗ್ರಾಂ ಸಕ್ಕರೆ ಕರಗಿಸಿ ಸೇರಿಸಿ, ಎರಡು ವಾರ ಕತ್ತಲಲ್ಲಿಡಿ. ರಾಗಿ ಇರುವುದರಿಂದ ಸ್ವಲ್ಪ ಮಬ್ಬಾಗಿಯೇ ಇರುತ್ತದೆ. ಇರಲಿ.

ಬೇರೆ ಏನು ಹಾಕಬಹುದು?

ಮೊದಲ ಬ್ಯಾಚ್‌ಗೆ ಏನೂ ಬೇಡ. ರಾಗಿ ಹೇಗಿರುತ್ತದೆ ಅಂತ ಗೊತ್ತಾದ ಮೇಲೆ ಒಂದೊಂದನ್ನೇ ಸೇರಿಸಿ ನೋಡಿ. ಬೆಲ್ಜಿಯಂನವರು ಗೋಧಿ ಬಿಯರ್‌ಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ. ಅದೇ ಜಾಗದಲ್ಲಿ ಕೊಡಗಿನ ಕಿತ್ತಳೆ ಅಥವಾ ದೇವನಹಳ್ಳಿ ಚಕ್ಕೋತದ ಸಿಪ್ಪೆ ಕೂರುತ್ತದೆ. ಒಳಗಿನ ಬಿಳಿ ಭಾಗ ಕೆರೆದು ತೆಗೆಯಿರಿ, ಅದು ಬರೀ ಕಹಿ. ಕೊತ್ತಂಬರಿ ಬೀಜ 15 ಗ್ರಾಂ ದಾಟಬೇಡಿ, ಸಾರಿನ ಪುಡಿ ನೆನಪಾಗುತ್ತದೆ. ಪುನರ್ಪುಳಿಯನ್ನು ಹುದುಗು ಮುಗಿದ ಮೇಲೆ ಹಾಕಿ, ಹುಳಿಯೂ ಬಣ್ಣವೂ ಚೆನ್ನ. ಕಾಫಿಯಾದರೆ ಪುಡಿ ಬೇಡ, ಇಡೀ ಬೀಜವನ್ನು ಒಂದು ದಿನ ನೆನೆಸಿ ತೆಗೆಯಿರಿ. ಮಾವಿನಹಣ್ಣಿನ ಬಿಯರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಹಣ್ಣಿನ ಸಿಹಿಯನ್ನೆಲ್ಲ ಯೀಸ್ಟ್ ತಿಂದ ಮೇಲೆ ಉಳಿಯುವುದು ಬೇರೆಯೇ ಏನೋ. ಹಣ್ಣು ಹಾಗೇ ತಿನ್ನುವುದೇ ವಾಸಿ.

ನೀರಿನ ಇನ್ನೊಂದು ಲೆಕ್ಕ

ಸಣ್ಣ ಬ್ರೂವರಿಗಳಲ್ಲಿ ಒಂದು ಲೀಟರ್ ಬಿಯರ್‌ಗೆ ಏಳೆಂಟು ಲೀಟರ್ ನೀರು ಹೋಗುವುದು ಮಾಮೂಲಿ. ಹೆಚ್ಚಿನದ್ದು ತೊಳೆಯಲು, ತಣಿಸಲು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಅಂಥ ಊರಿನಲ್ಲಿ ಬಿಯರ್ ಮಾಡುವಾಗ ಕೊಡ ಲೆಕ್ಕ ಇಡಲೇಬೇಕು. ವರ್ಟ್ ತಣಿಸಿ ಬಿಸಿಯಾಗಿ ಹೊರಬರುವ ನೀರನ್ನು ಟ್ಯಾಂಕ್‌ಗೆ ಹಿಡಿದು ಮುಂದಿನ ಮ್ಯಾಶ್‌ಗೆ ಬಳಸಿ, ಗ್ಯಾಸೂ ಉಳಿಯುತ್ತದೆ. ಆರ್‌ಒ ಹೊರಹಾಕುವ ನೀರಿನಲ್ಲಿ ನೆಲ ತೊಳೆಯಿರಿ, ಶೌಚಾಲಯಕ್ಕೆ ಬಿಡಿ. ಗಿಡಕ್ಕೆ ಬೇಡ, ಉಪ್ಪು ಜಾಸ್ತಿ.

ಇನ್ನು ಮ್ಯಾಶ್‌ನಲ್ಲಿ ಉಳಿದ ಧಾನ್ಯ. ಹಸುಗಳಿಗೆ ಬೂಸದ ಜೊತೆ ಕೊಡಬಹುದು, ಆದರೆ ಅವತ್ತೇ ಕೊಡಬೇಕು. ಮಾರನೇ ದಿನಕ್ಕೆ ಹುಳಿ ವಾಸನೆ, ಮೂರನೇ ದಿನಕ್ಕೆ ಬೂಷ್ಟು. ಬ್ಯಾಚ್ ಹಾಕುವ ಹಿಂದಿನ ರಾತ್ರಿಯೇ ಹತ್ತಿರದಲ್ಲಿ ಹಸು ಸಾಕಿರುವವರಿಗೆ ಫೋನ್ ಮಾಡಿ, ಡ್ರಮ್ ತರಲು ಹೇಳಿ. ಉಮಿ ಬೆರೆತಿದೆ ಅನ್ನುವುದನ್ನೂ ಮೊದಲೇ ತಿಳಿಸಿ.